ಎರಡು ಅಡಿ ಮಣ್ಣು, ಆರು ವರಸೆ, ಒಂಬತ್ತು ಮಕ್ಕಳು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮಣ್ಣಿನ ಮನೆ ಇದೆ. ಉದ್ದ 40 ಅಡಿ, ಅಗಲ 30 ಅಡಿ. ಗೋಡೆ ಒಂದೂಕಾಲು ಅಡಿ ದಪ್ಪ. 1939ರಲ್ಲಿ ಮುತ್ತಜ್ಜ, ಮುತ್ತಜ್ಜಿ ಮತ್ತು ಅವರ ಒಂಬತ್ತು ಮಕ್ಕಳು ಸೇರಿ ತಾವೇ ಕಟ್ಟಿದ್ದಂತೆ. ಎಂಜಿನಿಯರ್ ಇಲ್ಲ, ಸಿಮೆಂಟ್ ಇಲ್ಲ, ಹೊರಗಿನಿಂದ ಬಂದವರು ಮರಗೆಲಸದ ಆಚಾರ್ರು ಒಬ್ಬರೇ ಅಂತ ಮನೆಯಲ್ಲಿ ಹೇಳುತ್ತಾರೆ. ಇದು ನಿಜಕ್ಕೂ ಸಾಧ್ಯವಾ? ಅಥವಾ ಹೇಳುತ್ತ ಹೇಳುತ್ತ ಬೆಳೆದ ಕತೆಯಾ? ಆ ಒಂಬತ್ತು ಮಂದಿಯಲ್ಲಿ ಈಗ ಉಳಿದಿರುವುದು ತೊಂಬತ್ತು ದಾಟಿದ ಚಿಕ್ಕಜ್ಜಿ ಒಬ್ಬರೇ. ಇನ್ನೊಂದು ಮಾತು. ಪಶ್ಚಿಮದ ಗೋಡೆಯಲ್ಲಿ ಬಿರುಕು ಬಿಟ್ಟಿದೆ, ಬುಡದಲ್ಲಿ ಮಣ್ಣು ಉದುರುತ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಎನ್ನುತ್ತಾರೆ ಮೇಸ್ತ್ರಿ. ಮಾಡಿಸಬಹುದಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರವಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ. ಮೇಸ್ತ್ರಿಗೆ ಮುಂಗಡ ಕೊಟ್ಟಿದ್ದರೂ ನಿಲ್ಲಿಸಿ. ಕಾರಣ ಆಮೇಲೆ ಹೇಳುತ್ತೇನೆ. ಆ ಮನೆ ಹೇಗೆ ಎದ್ದಿತು ಅನ್ನುವುದು ತಿಳಿದರೆ ಅದನ್ನು ಹೇಗೆ ಉಳಿಸಬೇಕು ಅನ್ನುವುದೂ ಅರ್ಧ ತಿಳಿದ ಹಾಗೆ.

ನಿಮ್ಮ ಮನೆಯವರು ಹೇಳುವುದು ಖಂಡಿತ ಸಾಧ್ಯ. ಮಲೆನಾಡಿನಲ್ಲಿ ಹೀಗೆ ಕಟ್ಟಿದ ಮನೆಗಳನ್ನು ನಾನು ಮೂವತ್ತು ವರ್ಷಗಳಿಂದ ರಿಪೇರಿ ಮಾಡುತ್ತ ಬಂದಿದ್ದೇನೆ. ನೀವು ಕೊಟ್ಟ ಅಳತೆ ಹಿಡಿದು ಒಂದು ಲೆಕ್ಕ ಹಾಕೋಣ. ಹೊರಗಿನ ಸುತ್ತಳತೆ 140 ಅಡಿ. ಒಳಗಿನ ಅಡ್ಡಗೋಡೆಗಳು ಒಂದು 80 ಅಡಿ ಅಂತ ಇಟ್ಟುಕೊಳ್ಳಿ. ಒಟ್ಟು 220 ಅಡಿ ಉದ್ದದ ಗೋಡೆ. ಎತ್ತರ 9 ಅಡಿ. ಎಲ್ಲ ಗುಣಿಸಿದರೆ ಸುಮಾರು 2,475 ಘನ ಅಡಿ ಮಣ್ಣು. ತೂಕದಲ್ಲಿ 125 ಟನ್‌ಗಿಂತ ಸ್ವಲ್ಪ ಜಾಸ್ತಿ. 20 ಕಿಲೋ ಹಿಡಿಯುವ ಬುಟ್ಟಿಯಲ್ಲಿ ಹೊತ್ತರೆ ಆರು ಸಾವಿರಕ್ಕೂ ಹೆಚ್ಚು ಬುಟ್ಟಿ.

ಕೇಳಿದರೆ ಎದೆ ನಡುಗುತ್ತದೆ ಅಲ್ವಾ? ಆದರೆ ಅದೇ ಮಣ್ಣನ್ನು ಬೇರೆ ರೀತಿ ನೋಡಿ. ಮನೆ ನಿಲ್ಲುವ ಜಾಗ 1,200 ಚದರ ಅಡಿ. ಅಷ್ಟೇ ಅಗಲದ ಜಾಗದಲ್ಲಿ ಎರಡು ಅಡಿ ಆಳ ಅಗೆದರೆ ಇಡೀ ಮನೆಯ ಗೋಡೆಗೆ ಬೇಕಾದ ಮಣ್ಣು ಸಿಗುತ್ತದೆ. ಮಲೆನಾಡಿನಲ್ಲಿ ಸಪಾಟು ಜಾಗ ಎಲ್ಲಿದೆ? ಮನೆ, ಅಂಗಳ ಮಾಡಬೇಕಾದರೆ ಧರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕಡಿದು ಮಟ್ಟ ಮಾಡಲೇಬೇಕು. ಹಾಗೆ ಕಡಿದ ಮಣ್ಣೇ ಗೋಡೆಯಾಯಿತು. ನಿಮ್ಮ ಮನೆಯ ಹಿಂದೆ ಎತ್ತರದ ಧರೆ ಇದೆಯಾ ನೋಡಿ. ಇದ್ದರೆ ನಿಮ್ಮ ಗೋಡೆ ಅಲ್ಲಿಂದ ಬಂದದ್ದು ಎಂದು ಹೆಚ್ಚುಕಡಿಮೆ ಖಾತ್ರಿ. ಬಣ್ಣ ಹೋಲಿಸಿದರೆ ಗೊತ್ತಾಗುತ್ತದೆ.

ಈಗ ನಾನು ಮುಖ್ಯ ಅಂದುಕೊಂಡಿರುವ ಮಾತಿಗೆ ಬರುತ್ತೇನೆ. ದೊಡ್ಡ ಸಂಸಾರ ಅಂದರೆ ಬಹಳ ಕೈಗಳು, ಬಹಳ ಬಲ, ಅದಕ್ಕೇ ಮನೆ ಎದ್ದಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಲ ಬೇಕಿತ್ತು, ಸರಿ. ಆದರೆ ಅವರ ಹತ್ತಿರ ಇದ್ದ ದೊಡ್ಡ ಆಸ್ತಿ ಕಾಯುವ ತಾಳ್ಮೆ. ಮಣ್ಣಿನ ಗೋಡೆಯನ್ನು ಒಂದೇ ಸಲಕ್ಕೆ ಏರಿಸಲು ಬರುವುದಿಲ್ಲ. ಒಂದು ಸಲಕ್ಕೆ ಏರಿಸುವ ಪದರಕ್ಕೆ ವರಸೆ ಅನ್ನುತ್ತಾರೆ, ಅದು ಒಂದೂವರೆ ಅಡಿ. ಅದಕ್ಕಿಂತ ಜಾಸ್ತಿ ಹಾಕಿದರೆ ಹಸಿ ಮಣ್ಣು ತನ್ನ ಭಾರಕ್ಕೇ ಹೊಟ್ಟೆ ಬಿಡುತ್ತದೆ. ಹಾಕಿದ ವರಸೆ ಬಿಸಿಲಿಗೆ ಆರೇಳು ದಿನ ಆರಬೇಕು. ಆಮೇಲೆ ಮೇಲಿನದು. ಒಂಬತ್ತು ಅಡಿಗೆ ಆರು ವರಸೆ.

ಒಂದು ವರಸೆಗೆ ಎಷ್ಟು ಮಣ್ಣು? ಸುಮಾರು 21 ಟನ್, ಅಂದರೆ ಸಾವಿರದ ಐವತ್ತು ಬುಟ್ಟಿ. ಇಬ್ಬರು ಅಗೆಯುತ್ತಾರೆ, ಮೂರ್ನಾಲ್ಕು ಮಂದಿ ತುಳಿಯುತ್ತಾರೆ, ಐದಾರು ಮಂದಿ ಹೊರುತ್ತಾರೆ, ಒಬ್ಬರು ಗೋಡೆಯ ಮೇಲೆ ನಿಂತು ಮಣ್ಣಿನ ಮುದ್ದೆ ಒಗೆದು ಕೂರಿಸುತ್ತಾರೆ. ದಿನಕ್ಕೆ 175 ಬುಟ್ಟಿ ಅಂದರೂ ಮನೆಯನ್ನು ಒಂದು ಸುತ್ತು ಬರಲು ಆರು ದಿನ. ಮೊದಲ ಮೂಲೆಗೆ ವಾಪಸ್ ಬಂದಾಗ ಅದು ಒಣಗಿ ಕಾಯುತ್ತಿರುತ್ತದೆ! ಕೆಲಸ ಎಲ್ಲೂ ನಿಲ್ಲುವುದಿಲ್ಲ, ಮಣ್ಣಿಗೂ ಅವಸರವಾಗುವುದಿಲ್ಲ. ನಿಮ್ಮ ಮುತ್ತಜ್ಜ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿರಲಿಕ್ಕಿಲ್ಲ. ಮನೆಯ ಜನ ಎಷ್ಟು, ಗೋಡೆ ಎಷ್ಟು, ಬಿಸಿಲು ಎಷ್ಟು ದಿನ ಅನ್ನುವುದು ಅವರಿಗೆ ಕೈಯಂದಾಜಿನಲ್ಲೇ ಇತ್ತು. ಕೂಲಿ ಕೊಟ್ಟು ಕರೆತಂದ ಗುಂಪಾಗಿದ್ದರೆ ಮಳೆ ಮೋಡ ಬಂದ ದಿನ, ಗೋಡೆ ಆರದ ದಿನ ಸುಮ್ನೆ ಕೂರಿಸಿ ಕೂಲಿ ಕೊಡಬೇಕಿತ್ತು. ಮನೆಯವರೇ ಆದರೆ ಆ ದಿನ ತೋಟಕ್ಕೆ ಹೋಗುತ್ತಾರೆ, ದರಗೆಲೆ ಒಟ್ಟುತ್ತಾರೆ, ಮರುದಿನ ಮತ್ತೆ ಮಣ್ಣಿಗೆ ಇಳಿಯುತ್ತಾರೆ.

ಕೆಲಸ ಯಾವಾಗ ಮಾಡಿದರು ಅನ್ನುವುದನ್ನೂ ನೋಡಬೇಕು. ಕಾರ್ತಿಕದಿಂದ ಪುಷ್ಯದವರೆಗೆ ಅಡಕೆ ಕೊಯ್ಲು, ಸುಲಿತ, ಬೇಯಿಸುವುದು. ಆಗ ಯಾರ ಕೈಯೂ ಬಿಡುವಿಲ್ಲ. ಕೊಯ್ಲು ಮುಗಿದು ಶಿವರಾತ್ರಿ ಹತ್ತಿರ ಬಂದಾಗ ಮಣ್ಣಿನ ಕೆಲಸ ಶುರು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಗೋಡೆ ಮುಗಿಯಬೇಕು. ಮೃಗಶಿರ ಮಳೆ ಹಿಡಿಯುವ ಮುಂಚೆ, ಅಂದರೆ ಜೂನ್ ಮೊದಲ ವಾರದೊಳಗೆ, ಮಾಡು, ಅಂದರೆ ಚಾವಣಿ, ಮುಚ್ಚಲೇಬೇಕು. ವರ್ಷಕ್ಕೆ 2,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಸೀಮೆಯಲ್ಲಿ ಬರಿಮೈ ಮಣ್ಣಿನ ಗೋಡೆ ಒಂದು ವಾರವೂ ತಡೆಯುವುದಿಲ್ಲ. ಹಾಗಾಗಿ ಮಾಡಿಗೆ ಬೇಕಾದ ಮರ ಗೋಡೆಗಿಂತ ಮೊದಲೇ ತಯಾರಾಗಿರಬೇಕಿತ್ತು. ಮನೆ ಕಟ್ಟಿದ್ದು 1939 ಅಂದರೆ ಮರ ಕಡಿದದ್ದು ಅದಕ್ಕೂ ಒಂದೆರಡು ವರ್ಷ ಮುಂಚೆ ಅಂತ ಇಟ್ಟುಕೊಳ್ಳಿ.

ಮರದ ವಿಷಯ ಸ್ವಲ್ಪ ಹೇಳಲೇಬೇಕು. ನಿಮ್ಮ ಮನೆಯ ಕಂಬ, ಬಾಗಿಲು ಹಲಸಿನದ್ದಾಗಿರುವ ಸಾಧ್ಯತೆ ಜಾಸ್ತಿ. ಒಳಗೆ ಒಂದು ಚೂರು ಕೆರೆದು ನೋಡಿ, ಹಳದಿ ಕಾಣುತ್ತದೆ. ಹೊರಮೈ ಮಾತ್ರ ಕಾಲ ಕಳೆದ ಹಾಗೆ ಕಂದಾಗುತ್ತದೆ. ಸುತ್ತ ಅಷ್ಟು ಕಾಡಿದ್ದೂ ಹಲಸೇ ಯಾಕೆ? ಗಂಧ, ತೇಗ, ಬೀಟೆ ಸರ್ಕಾರದ ಮರಗಳು. ಸ್ವಂತ ಜಮೀನಿನಲ್ಲೇ ಬೆಳೆದಿದ್ದರೂ ಅಪ್ಪಣೆ ಇಲ್ಲದೆ ಕೊಡಲಿ ಹಾಕುವಂತಿರಲಿಲ್ಲ. ಹಲಸು ಹಿತ್ತಲ ಮರ. ಅಜ್ಜ ನೆಟ್ಟದ್ದು, ಮೊಮ್ಮಗ ಕಡಿದದ್ದು. ಅದರ ತಿರುಳಿಗೆ ಗೆದ್ದಲು ಸುಲಭದಲ್ಲಿ ಬಾಯಿ ಹಾಕುವುದಿಲ್ಲ. ತೊಲೆಗೆ ಮತ್ತಿ, ನಂದಿ. ಪಕಾಸಿಗೆ, ಅಂದರೆ ಮಾಡಿನ ಇಳಿಜಾರಿನ ಮರಗಳಿಗೆ, ಬೈನೆ. ಹೆಂಚು ಕೂರುವ ರೀಪಿಗೆ ಅಡಕೆ ದಬ್ಬೆ, ಅದೂ ಮುದಿಯಾಗಿ ಫಸಲು ನಿಂತ ಮರದ್ದು. ತೋಟದಲ್ಲಿ ಹೇಗೂ ತೆಗೆಯಲೇಬೇಕಾದ ಮರ ಅದು.

ಕಡಿದ ನಾಟವನ್ನು ಕೆರೆಗೆ ಉರುಳಿಸಿ ಒಂದು ಮಳೆಗಾಲ ಮುಳುಗಿಸಿ ಇಡುತ್ತಿದ್ದರು. ಮರದೊಳಗಿನ ಗಂಜಿ, ಸಕ್ಕರೆಯ ಅಂಶ ನೀರಿಗೆ ಬಿಟ್ಟುಕೊಳ್ಳುತ್ತದೆ. ಕುಟ್ಟೆ ಹುಳಕ್ಕೆ ಬೇಕಾದದ್ದೇ ಅದು. ತಿನ್ನಲು ಇಲ್ಲದ ಮೇಲೆ ಹುಳ ಯಾಕೆ ಬರುತ್ತದೆ? ಅಮಾವಾಸ್ಯೆ ಕಡೆ ಮರ ಕಡಿಯಬೇಕು ಅಂತ ಹಿರಿಯರು ಹೇಳುತ್ತಾರೆ. ನನ್ನ ಅನುಭವದಲ್ಲಿ ತಿಥಿಗಿಂತ ಕೆರೆಯ ನೀರೇ ಹೆಚ್ಚು ಕೆಲಸ ಮಾಡುತ್ತದೆ. ಆಮೇಲೆ ನಾಟವನ್ನು ಗುಂಡಿಯ ಮೇಲೆ ಅಡ್ಡ ಇಟ್ಟು, ಒಬ್ಬರು ಮೇಲೆ, ಒಬ್ಬರು ಗುಂಡಿಯೊಳಗೆ ನಿಂತು ಉದ್ದ ಗರಗಸದಲ್ಲಿ ಕೊಯ್ಯುವುದು. ಮನೆಯ ದೊಡ್ಡ ಗಂಡುಮಕ್ಕಳು ಕಲಿತುಕೊಳ್ಳಬಹುದಾದ ಕೆಲಸ. ಆದರೆ ಕಂಬದ ತಲೆಯ ಮೇಲೆ ಬೋದಿಗೆ ಕೂರಿಸುವುದು, ಮಾಡಿನ ಮೂಲೆ ಸೇರಿಸುವುದು, ಮೊಳೆ ಇಲ್ಲದೆ ಕಚ್ಚು ಹಾಕುವುದು ಆಚಾರ್ರೇ ಮಾಡಬೇಕು. ಅದು ಇನ್ನೊಬ್ಬರ ಕೈಗೆ ಸಿಗುವ ವಿದ್ಯೆಯಲ್ಲ. ನಿಮ್ಮ ಮನೆಯವರು ಆಚಾರ್ರನ್ನು ಮಾತ್ರ ಕರೆಸಿದರು ಅನ್ನುವುದೇ ಕತೆ ನಿಜ ಅನ್ನುವುದಕ್ಕೆ ಗುರುತು. ಏನು ತಮ್ಮ ಕೈಲಾಗುತ್ತದೆ, ಏನು ಆಗುವುದಿಲ್ಲ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು.

ಮೂಲೆ ಸರಿಯಾಗಿ ಬರುವಂತೆ ಹೇಗೆ ಮಾಡಿದರು ಅಂತ ಎಷ್ಟೋ ಜನ ಕೇಳುತ್ತಾರೆ. ಅದಕ್ಕೆ ಒಂದು ಹಗ್ಗ ಸಾಕು. ನಾಲ್ಕು ಗೂಟ ಹೊಡೆದು, ಎದುರುಬದುರು ಬದಿಗಳನ್ನು ಸಮ ಮಾಡಿ, ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯಬೇಕು. ಎರಡೂ ಓರೆ ಒಂದೇ ಉದ್ದ ಬಂದರೆ ಮೂಲೆ ನೇರ. ಗೋಡೆ ನೆಟ್ಟಗಿದೆಯೇ ನೋಡಲು ತೂಗುಗುಂಡು. ಕೆಳಗೆ ಕಲ್ಲಿನ ಪಂಚಾಂಗ, ಅಂದರೆ ಗೋಡೆ ಕೂರುವ ಅಡಿಗಟ್ಟು. ಇಷ್ಟೇ.

ಈಗ ಹೆಂಗಸರ, ಮಕ್ಕಳ ಕೆಲಸಕ್ಕೆ ಬರುತ್ತೇನೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ನನಗೆ ಯಾವಾಗಲೂ ಬೇಸರ. ಕಲಸಿದ ಮಣ್ಣಿಗೆ ಕತ್ತರಿಸಿದ ಹುಲ್ಲು, ಭತ್ತದ ಹೊಟ್ಟು ಹಾಕಿ, ನೀರು ಕಟ್ಟಿ, ಕೆಲವು ದಿನ ಕೊಳೆಯಲು ಬಿಟ್ಟು, ಆಮೇಲೆ ತುಳಿಯಬೇಕು. ತುಳಿಯುವುದು ಮಕ್ಕಳಿಗೆ ಆಟ. ಎಂಟು ವರ್ಷದ ಹುಡುಗಿಯ ಪಾದಕ್ಕೆ ಕಲ್ಲು, ಬೇರಿನ ಚೂರು ಬೇಗ ಸಿಗುತ್ತದೆ, ಅವಳೇ ಹೆಕ್ಕಿ ಎಸೆಯುತ್ತಾಳೆ. ಗೋಡೆ ಎದ್ದ ಮೇಲೆ ಒಳಗಿನ ನೆಲ. ಮಣ್ಣು ಹರಡಿ, ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿದು ಗಟ್ಟಿ ಮಾಡಬೇಕು. ಮೇಲ್ಪದರಕ್ಕೆ ಹುತ್ತದ ಮಣ್ಣು, ಅದು ನುಣ್ಣಗೆ ಇರುತ್ತದೆ, ಅಂಟು ಜಾಸ್ತಿ. ಆಮೇಲೆ ಹೊಳೆಯ ನುಣುಪು ಕಲ್ಲು ಹಿಡಿದು ಮೊಣಕಾಲೂರಿ ತಿಕ್ಕುವುದು. ಕೊನೆಗೆ ಸಗಣಿ ಸಾರಿಸುವುದು. ಗೋಡೆಗೆ ಕೆಮ್ಮಣ್ಣು ಬಳಿಯುವುದು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಅದೇ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಗಂಡಸರು ಎರಡು ತಿಂಗಳಲ್ಲಿ ಗೋಡೆ ಮುಗಿಸಿ ಇಳಿದರು. ಹೆಂಗಸರು ಆ ಮನೆಯನ್ನು ಆಮೇಲೂ ಪ್ರತಿ ವರ್ಷ ಕಟ್ಟುತ್ತಲೇ ಇದ್ದರು.

ಇನ್ನೊಂದು ಮಾತು. "ನಾವೇ ಕಟ್ಟಿದ್ದು" ಅನ್ನುವಾಗ ಕೆಲವು ಕೈಗಳು ಮರೆತುಹೋಗುತ್ತವೆ. ಮಲೆನಾಡಿನಲ್ಲಿ ಮುಯ್ಯಾಳು ಅಂತ ಪದ್ಧತಿ ಇತ್ತು. ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮಲ್ಲಿಗೆ, ಮುಂದೆ ನಮ್ಮಲ್ಲಿಂದ ಇಬ್ಬರು ನಿಮ್ಮಲ್ಲಿಗೆ. ದುಡ್ಡಿಲ್ಲ, ಊಟ ಮಾತ್ರ. ಮೇಲಿನ ವರಸೆ ಹಾಕುವಾಗ, ತೊಲೆ ಎತ್ತುವಾಗ ಮುಯ್ಯಾಳು ಬಂದಿರುತ್ತಾರೆ. ಒಂದೊಂದು ತೊಲೆ ಎತ್ತಲು ಎಂಟು ಹತ್ತು ಗಂಡಾಳು ಬೇಕು. ಇದಲ್ಲದೆ, ಜಮೀನಿದ್ದ ಮನೆಗಳಲ್ಲಿ ಒಕ್ಕಲುಗಳೂ ಆಳುಗಳೂ ಮಣ್ಣು ಅಗೆದಿರುತ್ತಾರೆ. ಅವರ ಹೆಸರು ಮನೆಯ ಕತೆಯಲ್ಲಿ ಬರುವುದಿಲ್ಲ. ಅಟ್ಟದ ಮೇಲೆ ಹಳೇ ಲೆಕ್ಕದ ಪುಸ್ತಕ ಇದ್ದರೆ ಹುಡುಕಿ. ಭತ್ತ ಅಳೆದು ಕೊಟ್ಟ ಲೆಕ್ಕದಲ್ಲಿ ಆ ಹೆಸರುಗಳು ಸಿಗಬಹುದು. ಸಿಕ್ಕರೆ ಬರೆದಿಡಿ.

ದುಡ್ಡು ಕೊಟ್ಟು ತಂದದ್ದು ಬಹಳ ಕಡಿಮೆ. ದೊಡ್ಡ ಖರ್ಚು ಹೆಂಚು. ನಿಮ್ಮ ಅಳತೆಯ ಮನೆಗೆ ಸುತ್ತ ಮೂರಡಿ ಸೂರು ಬಿಟ್ಟರೆ ಸುಮಾರು 2,700 ಮಂಗಳೂರು ಹೆಂಚು ಬೇಕು. ಒಂದಕ್ಕೆ ಎರಡೂವರೆ ಕಿಲೋ ಅಂದರೂ ಏಳು ಟನ್ ಹತ್ತಿರ. ಗಾಡಿಗೆ 250ರಿಂದ 300 ಹೇರಿದರೆ ಹತ್ತು ಗಾಡಿ. ಎಷ್ಟೋ ಸಂಸಾರಗಳು ಮೊದಲ ಕೆಲವು ವರ್ಷ ಸೋಗೆ ಹೊದಿಸಿ, ಅಡಕೆಯ ದುಡ್ಡು ಕೂಡಿದ ಮೇಲೆ ಹೆಂಚು ಹಾಕಿದವು. ನಿಮ್ಮಲ್ಲೂ ಹಾಗೇ ಆಗಿರಬಹುದು. ಒಂದು ಹೆಂಚು ತೆಗೆದು ಮಗುಚಿ ನೋಡಿ. ಕಾರ್ಖಾನೆಯ ಹೆಸರು, ಊರು ಅಚ್ಚಾಗಿರುತ್ತದೆ. 1865 ಅಂತ ಇದ್ದರೆ ಹೆಂಚು ಅಷ್ಟು ಹಳೆಯದು ಅಂದುಕೊಳ್ಳಬೇಡಿ. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಕಾಮನ್‌ವೆಲ್ತ್ ಅಂತ ಇದ್ದರೆ ಅದು ಮೊದಲ ಮಹಾಯುದ್ಧ ಮುಗಿದ ಮೇಲಿನದು. ಆ ಯುದ್ಧದ ನಂತರವೇ ಮಿಷನ್ನಿನ ಕಾರ್ಖಾನೆಗಳು ಆ ಹೆಸರಿನ ಸಂಸ್ಥೆಗೆ ಹೋದವು.

ಇನ್ನು ಸಿಮೆಂಟ್ ಯಾಕೆ ಬೇಡ ಅನ್ನುವುದು. ಮಣ್ಣಿನ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಸ್ವಲ್ಪ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಸಿಮೆಂಟ್ ಹಾಗಲ್ಲ, ಅದು ಬಾಗುವುದಿಲ್ಲ. ಎರಡೂ ಒಟ್ಟಿಗೆ ಬಾಳುವುದಿಲ್ಲ. ಪ್ಲಾಸ್ಟರ್‌ನಲ್ಲಿ ಕೂದಲೆಳೆ ಬಿರುಕು ಬಿಟ್ಟು ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಸಿಮೆಂಟಿನ ಹಿಂದೆ ಗೋಡೆ ಮೆತ್ತಗಾಗುತ್ತ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಮನೆಗೆ ಸಿಮೆಂಟ್ ಬಳಿಸಲು ಒಪ್ಪಿಕೊಂಡಿದ್ದೆ. ಮನೆಯವರ ಒತ್ತಾಯವಿತ್ತು, ನನಗೂ ಅಷ್ಟು ತಿಳಿದಿರಲಿಲ್ಲ. ನಾಲ್ಕನೇ ಮಳೆಗಾಲದಲ್ಲಿ ಹಿಂದಿನ ಗೋಡೆ ಪ್ಲಾಸ್ಟರ್ ಸಮೇತ ಕುಸಿಯಿತು. ಪುಣ್ಯಕ್ಕೆ ಹಗಲು ಹೊತ್ತು, ಒಳಗೆ ಯಾರೂ ಇರಲಿಲ್ಲ. ಎಪ್ಪತ್ತು ವರ್ಷ ನಿಂತಿದ್ದ ಗೋಡೆ ಅದು. ಆ ದಿನ ಆ ಮನೆಯ ಅಜ್ಜಿ ಅಂಗಳದಲ್ಲಿ ಕೂತಿದ್ದ ರೀತಿ ನನಗೆ ಇನ್ನೂ ಕಣ್ಣ ಮುಂದಿದೆ.

ನೀವು ಮಾಡಬೇಕಾದದ್ದು ಬೇರೆ. ಬುಡದ ಮಣ್ಣು ಉದುರುವುದಕ್ಕೆ ಕಾರಣ ಗೋಡೆಯಲ್ಲಿ ಇಲ್ಲ, ನೀರಿನಲ್ಲಿದೆ. ಪಶ್ಚಿಮದ ಬದಿಗೆ ಇರಿಚಲು ಜಾಸ್ತಿ ಹೊಡೆಯುತ್ತದೆ. ಆ ಕಡೆಯ ಸೂರು ಕುಸಿದು ಗಿಡ್ಡವಾಗಿದೆಯಾ, ಹೆಂಚು ಜಾರಿದೆಯಾ ನೋಡಿ. ಸೂರಿನ ನೀರು ಹಿಡಿಯಲು ಮೊದಲು ಅಡಕೆ ಮರದ ದಂಬೆ ಇದ್ದಿರಬಹುದು, ಈಗ ಏನೂ ಇಲ್ಲದಿರಬಹುದು. ಅಂಗಳಕ್ಕೆ ಯಾವಾಗಲಾದರೂ ಕಾಂಕ್ರೀಟ್ ಹಾಕಿಸಿ ಎತ್ತರ ಮಾಡಿದ್ದೀರಾ? ಹಾಕಿಸಿದ್ದರೆ ಪಂಚಾಂಗ ಮುಚ್ಚಿಹೋಗಿ ನೀರು ನೇರ ಮಣ್ಣಿಗೇ ತಾಗುತ್ತಿರುತ್ತದೆ. ನಾನು ನೋಡಿದ ಮನೆಗಳಲ್ಲಿ ಅರ್ಧಕ್ಕರ್ಧ ಇದೇ ಕತೆ. ಗೋಡೆಯ ಪಕ್ಕ ಎರಡು ಅಡಿ ಅಗಲ ಕಾಂಕ್ರೀಟ್ ಒಡೆಸಿ, ಪಂಚಾಂಗದ ಕಲ್ಲು ಕಾಣುವ ಹಾಗೆ ಮಾಡಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ. ಇದು ಆಗದೆ ಬೇರೆ ಏನು ಮಾಡಿದರೂ ಪ್ರಯೋಜನವಿಲ್ಲ.

ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಕೆಲವು ತಿಂಗಳಾದರೂ ಹರಿಯದಿದ್ದರೆ ಬಿರುಕು ಹಳೆಯದು, ನಿಂತಿದೆ. ಮೂಲೆಯಲ್ಲಿ ನೆಟ್ಟಗೆ ಇಳಿದಿರುವ ಬಿರುಕಾದರೆ ಬಹುಶಃ ಎರಡು ಗೋಡೆ ಬೇರೆ ಬೇರೆ ಹೊತ್ತಿನಲ್ಲಿ ಕಟ್ಟಿ ಸೇರಿಸಿದ ಜಾಗ, ಹೆದರಬೇಡಿ. ಕಾಗದ ಹರಿದರೆ, ಅಥವಾ ಗೋಡೆ ವಾಲಿದ್ದರೆ, ಹೊಟ್ಟೆ ಬಿಟ್ಟಿದ್ದರೆ, ಮೊದಲು ಮಾಡಿಗೆ ಆನಿಕೆ ಕೊಟ್ಟು ಮಣ್ಣಿನ ಮನೆ ಗೊತ್ತಿರುವ ಎಂಜಿನಿಯರ್‌ಗೆ ತೋರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ವಿಭಾಗ ಶುರುವಾಗಿ ಮಣ್ಣಿನ ಕಟ್ಟಡದ ಮೇಲೆ ಬಹಳ ಕೆಲಸ ಮಾಡಿತು. ಆ ದಾರಿಯಲ್ಲಿ ಕಲಿತವರು ಈಗ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಿಂತ ಬಿರುಕನ್ನು ಮುಚ್ಚುವುದು ಕಷ್ಟವಲ್ಲ. ಸಡಿಲ ಮಣ್ಣು ಕೆರೆದು ತೆಗೆಯಿರಿ. ನೀರು ಚಿಮುಕಿಸಿ. ಅದೇ ಧರೆಯ ಮಣ್ಣು ಜರಡಿ ಹಿಡಿದು, ನೀರು ಆದಷ್ಟು ಕಡಿಮೆ ಹಾಕಿ ಕಲಸಿ, ಸ್ವಲ್ಪ ಸ್ವಲ್ಪವೇ ಒಳಗೆ ಗಿಡಿಯಿರಿ. ಬೇರೆ ಮಣ್ಣಾದರೆ ಕುಗ್ಗುವ ರೀತಿಯೇ ಬೇರೆ, ಮತ್ತೆ ಬಿಟ್ಟುಕೊಳ್ಳುತ್ತದೆ. ಮೇಲಿನ ಗಿಲಾವಿಗೆ ಅದೇ ಮಣ್ಣು, ಮರಳು, ಭತ್ತದ ಹೊಟ್ಟು ಸೇರಿಸಿ ಒಂದು ವಾರ ಕೊಳೆಸಿ ಬಳಿಯಿರಿ. ಎಷ್ಟು ಮರಳು ಬೇಕು ಅಂತ ಪುಸ್ತಕ ನೋಡಬೇಡಿ. ಗೋಡೆಯ ಮೇಲೆ ಒಂದೊಂದು ಅಡಿ ಅಗಲದ ಮೂರು ನಾಲ್ಕು ತುಂಡು, ಬೇರೆ ಬೇರೆ ಪ್ರಮಾಣದಲ್ಲಿ ಬಳಿದು ಹತ್ತು ದಿನ ಬಿಡಿ. ಬಿರುಕು ಬಿಟ್ಟದ್ದಕ್ಕೆ ಮರಳು ಸಾಲದು, ಕೈಗೆ ಪುಡಿ ಬರುವುದಕ್ಕೆ ಮರಳು ಜಾಸ್ತಿ. ಮೇಲೆ ಸುಣ್ಣ ಬಳಿಯಬಹುದು. ಪ್ಲಾಸ್ಟಿಕ್ ಪೇಂಟ್ ಬೇಡ, ಅದೂ ಉಸಿರು ಕಟ್ಟಿಸುತ್ತದೆ.

ಒಮ್ಮೆ ಅಟ್ಟ ಹತ್ತಿ ಪಕಾಸು ತಟ್ಟಿ ನೋಡಿ. ಸೌದೆ ಒಲೆ ಇದ್ದಾಗ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತ ಮರಕ್ಕೆ ಮಸಿ ಹಿಡಿಸಿ ಹುಳ ತಡೆಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಗಿದೆ. ಟೊಳ್ಳು ಸದ್ದು ಬಂದ ಪಕಾಸನ್ನು ಈ ಬೇಸಿಗೆಯಲ್ಲೇ ಬದಲಾಯಿಸಿ.

ಕೆಲಸ ಶುರು ಮಾಡುವ ಮುಂಚೆ ಚಿಕ್ಕಜ್ಜಿಯ ಹತ್ತಿರ ಒಂದು ಮಧ್ಯಾಹ್ನ ಕೂತು ಕೇಳಿ. ಮಣ್ಣು ಯಾವ ಧರೆಯಿಂದ ತೆಗೆದರು? ತುಳಿದ ಗುಂಡಿ ಎಲ್ಲಿತ್ತು? ನೀರು ಅಬ್ಬಿಯಿಂದ ಬಂತಾ, ಬಾವಿಯಿಂದ ಹೊತ್ತರಾ? ಪಶ್ಚಿಮದ ಗೋಡೆ ಮೊದಲೇ ಇತ್ತಾ, ಆಮೇಲೆ ಸೇರಿಸಿದ್ದಾ? ಯಾವ ಯಾವ ಮನೆಯಿಂದ ಮುಯ್ಯಾಳು ಬಂದಿದ್ದರು? ಆಗ ಅವರಿಗೆ ಆರೋ ಏಳೋ ವರ್ಷ ಇದ್ದಿರಬೇಕು. ತುಳಿದ ಕಾಲು ನೆನಪಿಟ್ಟುಕೊಂಡಿರುತ್ತದೆ. ಸಾಧ್ಯವಾದರೆ ಅವರನ್ನು ಆ ಧರೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿ. ಮಣ್ಣು ಒಂದು ಮುಷ್ಟಿ ಕೈಗೆ ಕೊಡಿ. ಇದೇನಾ ಅಂತ ಅವರೇ ಹೇಳುತ್ತಾರೆ.